ಒಣ ಕಸದ ರಾಜ ರಾಣಿ

ಒಣ ಕಸದ ದಿನ ಬಂತೆಂದರೆ ಅನಂತಲಕ್ಷ್ಮಿಗೆ ಅಲಾರಂ ಬೇಕಾಗುತ್ತಿರಲಿಲ್ಲ. ಚಂದ್ರಾ ಲೇಔಟಿನ ಆ ರಸ್ತೆಯಲ್ಲಿ ಮಿಕ್ಕವರೆಲ್ಲ ಚೀಲ ಗೇಟಿನ ಹೊರಗಿಟ್ಟು ಮತ್ತೆ ಹೊದ್ದು ಮಲಗುವ ಹೊತ್ತಿಗೆ ಈಕೆ ಕಾಲಿಗೆ ಶೂ ಹಾಕಿಕೊಂಡು ಹೊರಟಿರುತ್ತಿದ್ದಳು. ವಾಕಿಂಗ್ ಅನ್ನುವುದು ಬರೀ ನೆಪ. ವಾಕಿಂಗ್ ಹೋಗುವವರು ಮುಂದೆ ನೋಡಿಕೊಂಡು ನಡೆಯುತ್ತಾರೆ. ಈಕೆಯ ಕಣ್ಣು ಗೇಟುಗಳ ಬುಡದಲ್ಲೇ ಓಡಾಡುತ್ತಿತ್ತು. ಹಾಗೆ ಓಡಾಡಿಯೇ ಒಂದು ಬೆತ್ತದ ಕುರ್ಚಿ, ಹಿಡಿ ಮುರಿದರೂ ತಳ ಗಟ್ಟಿಯಿದ್ದ ಕುಕ್ಕರ್, ಬಾಲ್ಕನಿಯ ಅರ್ಧಕ್ಕರ್ಧ ಹೂಕುಂಡ ಮನೆಗೆ ಬಂದಿದ್ದವು. ಬಡತನವೇನಿರಲಿಲ್ಲ. ಸ್ವಂತ ಮನೆ, ಗಂಡನ ಪೆನ್ಷನ್, ಕೈತುಂಬ ಸಂಬಳ ತರುವ ಮಗಳು. ಆದರೆ ಗಟ್ಟಿಮುಟ್ಟಾದ ಸಾಮಾನು ಕಸಕ್ಕೆ ಹೋಗುವುದನ್ನು ಕಂಡರೆ ಅವಳ ಹೊಟ್ಟೆ ಉರಿಯುತ್ತಿತ್ತು. "ಕೊಬ್ಬು ಜನಕ್ಕೆ" ಎಂದು ಬೈದುಕೊಂಡೇ ಎತ್ತಿಕೊಳ್ಳುತ್ತಿದ್ದಳು. ಬೈದುಕೊಂಡು ಎತ್ತಿದರೆ ಅದು ಕಸ ಆಯುವುದು ಅನ್ನಿಸಿಕೊಳ್ಳುವುದಿಲ್ಲ ಎಂದು ಅವಳ ನಂಬಿಕೆ ಇದ್ದಿರಬೇಕು.

ಹಾಗಂತ ನಾಚಿಕೆ ಇರಲಿಲ್ಲವೆಂದಲ್ಲ. ಎದುರಿಗೆ ಯಾರಾದರೂ ಬಂದರೆ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ಆ ಶೂಗೆ ಲೇಸೇ ಇರಲಿಲ್ಲ ಅನ್ನುವುದು ಬೇರೆ ಮಾತು. ಒಮ್ಮೆ ಹೆಗಲಿಗೆ ಗೋಣಿ ಹಾಕಿಕೊಂಡ ಒಬ್ಬ ಹೆಂಗಸು ಇವಳದೇ ಮನೆಯ ಚೀಲ ಬಿಚ್ಚಿ ರಟ್ಟು ಆರಿಸಿಕೊಳ್ಳುತ್ತಿದ್ದಾಗ ಮಹಡಿಯಿಂದಲೇ ಕೂಗಾಡಿ ರಸ್ತೆಯನ್ನೆಲ್ಲ ಎಬ್ಬಿಸಿದ್ದಳು: "ಯಾರ್ ಹೇಳಿದ್ರು ಮುಟ್ಟಕ್ಕೆ? ಅದು ನಮ್ಮ ಚೀಲ! ಪೊಲೀಸ್‌ಗೆ ಕೊಡ್ತೀನಿ ನೋಡು!"

ಆವತ್ತು ಗಂಡ ಶ್ಯಾಮಸುಂದರ ರಾಯರು ನಕ್ಕಿದ್ದರು. ರಾಯರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಕಾಫಿ ಆರಿಹೋದರೂ ಅದಕ್ಕೊಂದು ಸೆಕ್ಷನ್ ಹುಡುಕುವ ಆಸಾಮಿ. "ಲಕ್ಷ್ಮೀ, ಕಳ್ಳತನ ಅಂದ್ರೆ ಏನು ಗೊತ್ತಾ? ಒಬ್ಬರ ವಶದಲ್ಲಿರೋದನ್ನ ಅವರ ಒಪ್ಪಿಗೆ ಇಲ್ದೆ, ಕೆಟ್ಟ ಮನಸ್ಸಿಂದ ತೆಗೆಯೋದು. ಗೇಟಿಂದ ಆಚೆ ಇಟ್ಟ ಮೇಲೆ ನಿನ್ನ ವಶ ಎಲ್ಲಿ ಬಂತು? ಬೇಡ ಅಂತ ತಾನೆ ಇಟ್ಟಿದ್ದು?"

"ಹಾಗಾದ್ರೆ ಯಾರದು?"

"ಕಾರ್ಪೊರೇಷನ್‌ದು ಅಂತಾರೆ ಕೆಲವರು. ಕಸದ ಆಟೋಗೆ ಹಾಕೋ ತನಕ ಯಾರದೂ ಅಲ್ಲ ಅಂತಾರೆ ಕೆಲವರು. ವಾದ ಮಾಡ್ಬಹುದು."

ಅಷ್ಟು ಸಾಕಾಯಿತು ಅನಂತಲಕ್ಷ್ಮಿಗೆ. ಯಾರದೂ ಅಲ್ಲ ಎಂಬ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಗೋಣಿಯ ಹೆಂಗಸಿಗೂ ಅದೇ ಕಾನೂನು ಅನ್ವಯಿಸುತ್ತದಲ್ಲ ಎಂದು ಅವಳಿಗೂ ಹೊಳೆಯಲಿಲ್ಲ, ರಾಯರೂ ಹೇಳಲಿಲ್ಲ.

ಮಗಳು ಮೇಧಾಳ ಮದುವೆ ನಿಶ್ಚಯವಾದದ್ದು ವಿಜಯನಗರದ ಮನೆಗೆ. ಹುಡುಗ ಸುಘೋಷ್, ಒಳ್ಳೆಯವನು. ಅವನ ತಾಯಿ ಕಮಲಾಕ್ಷಮ್ಮನವರೂ ಒಳ್ಳೆಯವರೇ, ಆದರೆ ನವರಾತ್ರಿಯ ಗೊಂಬೆ ವಿಷಯ ಬಂದರೆ ಮಾತ್ರ ಅವರ ಕತ್ತು ಒಂದಂಗುಲ ಉದ್ದವಾಗುತ್ತಿತ್ತು. ಮಾತುಕತೆಯ ದಿನ ತಮ್ಮ ಪಟ್ಟದ ಗೊಂಬೆಗಳನ್ನು ಬೀರುವಿನಿಂದ ಇಳಿಸಿ ತೋರಿಸಿದರು. ನಮ್ಮ ಕಡೆ ಮದುವೆಯಲ್ಲಿ ತಾಯಿ ಮಗಳಿಗೆ ಕೊಡುವ ಮರದ ರಾಜ ರಾಣಿಯ ಜೋಡಿ ಅದು. ದಸರೆಯಲ್ಲಿ ಮೊದಲು ಅವನ್ನು ಕೂರಿಸಿ ಆಮೇಲೆ ಮಿಕ್ಕ ಗೊಂಬೆ. "ಇದು ನಮ್ಮಜ್ಜಿಯ ತಾಯಿದು. ಈಗೆಲ್ಲ ಅಂಗಡೀಲಿ ತಂದು ಕೊಟ್ಬಿಡ್ತಾರೆ, ಏನ್ ಚೆಂದ ಹೇಳಿ? ನಿಮ್ಮನೇಲಿ ಹಳೇದಿದ್ಯಾ?" ಎಂದರು ಕಮಲಾಕ್ಷಮ್ಮ.

ಇಲ್ಲ ಅನ್ನುವುದು ಅನಂತಲಕ್ಷ್ಮಿಗೆ ಕಷ್ಟವಾಯಿತು. ಅವಳ ತಾಯಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಯಾರ್‍ಯಾರದೋ ಮನೆಯಲ್ಲಿ ಅಡುಗೆ ಮಾಡಿ ಮಗಳನ್ನು ಬೆಳೆಸಿದವಳು. ದೇವಸ್ಥಾನದಲ್ಲಿ ಧಾರೆ ಎರೆದು, ಒಂದು ಸೀರೆ ಕೊಟ್ಟು ಕಳಿಸಿದ್ದಳು. ರಾಜನೂ ಇರಲಿಲ್ಲ, ರಾಣಿಯೂ ಇರಲಿಲ್ಲ. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ ಎಂದು ನನಗನ್ನಿಸುತ್ತದೆ. ಆದರೆ ಬೀಗರ ಸೋಫಾದ ಮೇಲೆ ಕೂತಾಗ ಬುದ್ಧಿ ಅಷ್ಟು ನೇರವಾಗಿ ಓಡುವುದಿಲ್ಲ.

"ನಮ್ಮಮ್ಮಂದಿದೆ. ಅದನ್ನೇ ಕೊಡ್ತೀನಿ ಮೇಧಾಗೆ" ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮದುವೆಯಲ್ಲಿ, ಗೊಂಬೆ ಊರಲ್ಲಿ ದೂರದ ಸಂಬಂಧದ ಅಣ್ಣನ ಮನೆಯಲ್ಲಿದೆ, ಬಣ್ಣ ಮಾಡಿಸಿ ನವರಾತ್ರಿಗೆ ಕಳಿಸುತ್ತೇನೆ ಎಂದು ದಾಟಿಸಿದಳು. ಆಷಾಢ ಕಳೆಯಿತು, ಶ್ರಾವಣ ಬಂತು. ಹಳೆಯ ಗೊಂಬೆ ಎಲ್ಲಿಂದ ತರುವುದು? ಅವಳಿಗೆ ಅಂಥ ಅಣ್ಣನೇ ಇರಲಿಲ್ಲ.

ಅಷ್ಟರಲ್ಲಿ ಅದೇ ರಸ್ತೆಯ ಕೊನೆಯಲ್ಲಿ ರುಕ್ಮಿಣಮ್ಮನವರ ಮನೆ ಖಾಲಿಯಾಗತೊಡಗಿತು. ರುಕ್ಮಿಣಮ್ಮ ಹೋಗಿ ವರ್ಷ ತುಂಬುತ್ತಾ ಬಂದಿತ್ತು. ಮಗ ಶ್ರೀರಾಮ್ ಮನೆಯನ್ನು ಬಿಲ್ಡರಿಗೆ ಕೊಟ್ಟಿದ್ದ. ದಿನಾ ಒಂದಿಷ್ಟು ಸಾಮಾನು ಗೇಟಿನಾಚೆ ಬಂದು ಬೀಳುತ್ತಿತ್ತು. ಒಂದು ಒಣ ಕಸದ ದಿನ, ಇನ್ನೂ ಮಬ್ಬು ಬೆಳಕಿರುವಾಗ, ಸಿಮೆಂಟ್ ಚೀಲವೊಂದರ ಬಾಯಲ್ಲಿ ಹಳೆ ಕ್ಯಾಲೆಂಡರುಗಳ ನಡುವೆ ಒಂದು ಮರದ ಕಿರೀಟ ಕಂಡಿತು. ಎಳೆದರೆ ರಾಜ. ಇನ್ನಷ್ಟು ಕೈ ಹಾಕಿದರೆ ರಾಣಿ.

ಯಾರದು ಎಂದು ಅವಳಿಗೆ ಗೊತ್ತಿತ್ತು. ನಾಯಂಡಹಳ್ಳಿಯ ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬಂದ ಮೇಲೆ ಪ್ರತಿ ನವರಾತ್ರಿ ರುಕ್ಮಿಣಮ್ಮನವರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದವಳು. ಇದೇ ಜೋಡಿಯ ಎದುರಿಗೆ ಕೂತು ಉಸಲಿ ತಿಂದವಳು. ರುಕ್ಮಿಣಮ್ಮ ಪ್ರತಿ ಸಲವೂ ರಾಜನ ಮೀಸೆ ತೋರಿಸಿ ಅದರ ಕಥೆ ಹೇಳಿ ನಗುತ್ತಿದ್ದರು. ಮೇಧಾ ಮಾತ್ರ ಆಗ ಮೈಸೂರಿನ ಹಾಸ್ಟೆಲಿನಲ್ಲಿದ್ದಳು. ಆ ಮನೆಯ ಹೊಸಿಲು ತುಳಿದವಳೇ ಅಲ್ಲ.

ಅನಂತಲಕ್ಷ್ಮಿ ಗೊಂಬೆಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಒಂದು ಕ್ಷಣ ಶ್ರೀರಾಮನ ಗೇಟು ತಟ್ಟಿ ಕೇಳಿಬಿಡಲೇ ಅನ್ನಿಸಿತು. "ಇದು ನಿಮ್ಮಮ್ಮನ ಪಟ್ಟದ ಗೊಂಬೆ ಕಣಪ್ಪ, ಬೇಕಿಲ್ವಾ?" ಅಷ್ಟೇ ಕೇಳಬೇಕಿದ್ದದ್ದು. ಬೇಕು ಎಂದುಬಿಟ್ಟರೆ? ಅವಳು ತಟ್ಟಲಿಲ್ಲ. ಕಸದ ಆಟೋ ಹಾಡು ಹಾಕಿಕೊಂಡು ತಿರುವಿಗೆ ಬರುವುದರೊಳಗೆ ಮನೆ ಸೇರಿದ್ದಳು. ರಾಯರು ಪೇಪರಿನಿಂದ ತಲೆಯೆತ್ತಿ, ಗೊಂಬೆ ನೋಡಿ, ಹೆಂಡತಿಯ ಮುಖ ನೋಡಿ, "ವಾರಸುದಾರರು ಬಿಸಾಡಿದ್ದು. ತೊಂದರೆ ಇಲ್ಲ" ಎಂದು ತೀರ್ಪು ಕೊಟ್ಟು ಮತ್ತೆ ಪೇಪರಿಗೆ ಇಳಿದರು.

ಅರಿಶಿನದ ನೀರಲ್ಲಿ ತೊಳೆದಳು. ಮರಕ್ಕೆ ಎಣ್ಣೆ ಹಚ್ಚಿದಳು, ಮುಖಕ್ಕೆ ಬಣ್ಣ ಕೊಟ್ಟಳು, ತನ್ನ ಮದುವೆಯ ಸೀರೆಯ ಜರಿ ಅಂಚು ಕತ್ತರಿಸಿ ರಾಣಿಗೆ ಉಡಿಸಿದಳು. ಆ ಒಂದು ಸೀರೆಯನ್ನು ಕತ್ತರಿಸುವಾಗ ಮಾತ್ರ ಅವಳಿಗೆ ಅಳು ಬಂತು. ರಾಜನ ಮೀಸೆ ಒಂದು ಕಡೆ ಉದ್ದವಾಗಿ, ಮರದಲ್ಲೇ ಗೀರು ಬಿದ್ದಿತ್ತು. ಎಷ್ಟು ಬಣ್ಣ ಬಳಿದರೂ ಗೀರು ಮುಚ್ಚಲಿಲ್ಲ. ಹೋಗಲಿ, ಹಳೆಯದು ಅನ್ನುವುದಕ್ಕೆ ಸಾಕ್ಷಿ ಎಂದು ಬಿಟ್ಟಳು.

ನವರಾತ್ರಿಯ ಮೊದಲ ದಿನ ಕಮಲಾಕ್ಷಮ್ಮ ಗೊಂಬೆಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಣ್ಣಿಗೊತ್ತಿಕೊಂಡರು. "ಏನ್ ಕಳೆ ಇದೆ ರೀ! ಇದನ್ನ ಇಷ್ಟು ದಿನ ಬಚ್ಚಿಟ್ಕೊಂಡಿದ್ರಲ್ಲ!" ತಮ್ಮ ಪಟ್ಟದ ಗೊಂಬೆಯ ಪಕ್ಕದಲ್ಲೇ ಸರಿಸಮನಾಗಿ ಕೂರಿಸಿದರು. ಮೇಧಾಳ ಮುಖ ಅರಳಿತು. ಅತ್ತೆಮನೆಯ ಮೊದಲ ದಸರೆ. ತನ್ನ ತಾಯಿಯ ಕಡೆಯದೂ ಒಂದು ಮೆಟ್ಟಿಲ ಮೇಲಿದೆ ಎಂಬ ಹೆಮ್ಮೆ. ಅದನ್ನು ನೋಡಿ ಅನಂತಲಕ್ಷ್ಮಿಗೂ ಎದೆ ಉಬ್ಬಿತು. ಕಮಲಾಕ್ಷಮ್ಮ ಮೀಸೆಯ ಬಗ್ಗೆ ಕೇಳಿದಾಗ ಬಾಯಿಗೆ ಬಂದದ್ದು ಒಂದೇ ಕಥೆ, ಅವಳಿಗೆ ಗೊತ್ತಿದ್ದದ್ದೂ ಒಂದೇ ಕಥೆ. "ನಾನೇ ರೀ, ಚಿಕ್ಕವಳಿದ್ದಾಗ ಬಾಲ್ ಪೆನ್ ತಗೊಂಡು ರಾಜಂಗೆ ಮೀಸೆ ಸಣ್ಣದಾಯ್ತು ಅಂತ ಬರೆದ್ಬಿಟ್ಟಿದ್ದೆ. ನಮ್ಮಮ್ಮ ಹೊಡೆಯಕ್ಕೆ ಬಂದೋರು ನಗಕ್ಕೆ ಶುರು ಮಾಡಿದ್ರು."

ಕಮಲಾಕ್ಷಮ್ಮ ಬಿದ್ದು ಬಿದ್ದು ನಕ್ಕರು. ಫೋಟೋ ತೆಗೆದು, ಅದೇ ಕಥೆಯನ್ನು ಎರಡು ಸಾಲು ಬರೆದು, ತಮ್ಮ ಭಜನೆ ಗ್ರೂಪಿಗೆ ಹಾಕಿದರು. ಭಜನೆ ಗ್ರೂಪು ಎಂದರೆ ವಿಜಯನಗರದಲ್ಲಿ ಹುಟ್ಟಿ, ಬಸವೇಶ್ವರನಗರ ಹಾದು, ರಾಜಾಜಿನಗರದವರೆಗೂ ಹೋಗುವಂಥದ್ದು. ಫೋಟೋ ಎಷ್ಟು ದೂರ ಹೋಗಬಹುದೆಂದು ಅನಂತಲಕ್ಷ್ಮಿ ಯೋಚಿಸಲಿಲ್ಲ. ತನ್ನ ರಸ್ತೆಯವರ ಕಣ್ಣಿಗೆ ಬೀಳದಿದ್ದರೆ ಸಾಕು ಎಂದುಕೊಂಡಿದ್ದಳು.

ಸರಸ್ವತಿ ಪೂಜೆಯ ಸಂಜೆ ಬೀಗರ ಮನೆಯ ಹಾಲ್ ತುಂಬಿತ್ತು. ದೀಪ ಹಚ್ಚಿಯಾಗಿತ್ತು. ಅನಂತಲಕ್ಷ್ಮಿ ಗೋಡೆಗೊರಗಿ ಕೂತು ಬಂದವರಿಗೆ ಕುಂಕುಮ ಕೊಡುತ್ತಿದ್ದಳು. ಆಗ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಬಂದ ಹೆಂಗಸನ್ನು ನೋಡಿ ಅವಳ ಕೈಯ ಕುಂಕುಮದ ಬಟ್ಟಲು ಅಲ್ಲೇ ನಿಂತಿತು. ರುಕ್ಮಿಣಮ್ಮನವರ ಮಗಳು ಮಾಲವಿಕಾ. ಮದುವೆಯಾಗಿ ಕೆಂಗೇರಿಯಲ್ಲಿದ್ದವಳು, ತಾಯಿ ಹೋದ ದಿನ ಅಂಗಳದಲ್ಲಿ ಅಳುತ್ತ ಕೂತಿದ್ದಾಗ ಅನಂತಲಕ್ಷ್ಮಿಯೇ ನೀರು ಕುಡಿಸಿದ್ದಳು.

"ಗೊಂಬೆ ನೋಡಕ್ಕೆ ಬಂದೆ. ಗ್ರೂಪಲ್ಲಿ ಯಾರೋ ಫೋಟೋ ಕಳಿಸಿದ್ರು" ಎಂದಳು ಮಾಲವಿಕಾ. ಗೊಂಬೆ ಕೂರಿಸಿದ ಮನೆಗೆ ಬರಲು ಕರೆಯ ಹಂಗಿಲ್ಲ. ಯಾರು ಬಂದರೂ ಮುತ್ತೈದೆಯೇ. ಕಮಲಾಕ್ಷಮ್ಮ ಕೈ ಹಿಡಿದು ಕರೆತಂದು ಮೆಟ್ಟಿಲುಗಳ ಎದುರಿಗೇ ಕೂರಿಸಿದರು.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಬೇರೆ ಯಾವುದೋ ಫೋಟೋ ನೋಡಿ ಬಂದಿರಬಹುದು, ಕಮಲಾಕ್ಷಮ್ಮನ ಗೊಂಬೆ ನೋಡುತ್ತಿರಬಹುದು ಎಂದೆಲ್ಲ ಅನಂತಲಕ್ಷ್ಮಿ ತನಗೆ ತಾನೇ ಹೇಳಿಕೊಂಡಳು. ಮಾಲವಿಕಾ ನೋಡುತ್ತಿದ್ದದ್ದು ಒಂದನ್ನೇ. ಮಿಕ್ಕ ಮೆಟ್ಟಿಲುಗಳ ಕಡೆ ಅವಳು ಕಣ್ಣು ಕೂಡ ಹಾಯಿಸಲಿಲ್ಲ.

"ಆ ಮೀಸೆ ನೋಡ್ತಾ ಇದೀರಾ? ಅದರ ಕಥೆ ಕೇಳಿ" ಎಂದು ಕಮಲಾಕ್ಷಮ್ಮ ಶುರು ಮಾಡಿಯೇಬಿಟ್ಟರು. ಎಷ್ಟು ಚೆನ್ನಾಗಿ ಹೇಳಿದರೆಂದರೆ, ಬಾಲ್ ಪೆನ್ನು, ಮೀಸೆ ಸಣ್ಣದಾಯ್ತು ಎಂದ ಪುಟ್ಟ ಹುಡುಗಿ, ಹೊಡೆಯಲು ಬಂದು ನಕ್ಕ ತಾಯಿ, ಒಂದನ್ನೂ ಬಿಡಲಿಲ್ಲ. "ಇವರೇ ಆ ಹುಡುಗಿ!" ಎಂದು ಅನಂತಲಕ್ಷ್ಮಿಯ ಭುಜ ತಟ್ಟಿದರು. ಸುತ್ತಲಿದ್ದವರೆಲ್ಲ ನಕ್ಕರು.

ಮಾಲವಿಕಾ ನಗಲಿಲ್ಲ. ತನ್ನದೇ ಬಾಲ್ಯವನ್ನು ಬೇರೊಬ್ಬಳ ಹೆಸರಿನಲ್ಲಿ ಕೇಳಿಸಿಕೊಂಡು ಕೂತಿದ್ದಳು. ಆಮೇಲೆ ನಿಧಾನವಾಗಿ ತಿರುಗಿ, "ಹೌದಾ ಆಂಟಿ?" ಎಂದಳು.

ಮೇಧಾ ತಾಂಬೂಲದ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಕಮಲಾಕ್ಷಮ್ಮನ ಕೈ ಇನ್ನೂ ಭುಜದ ಮೇಲಿತ್ತು. ಅನಂತಲಕ್ಷ್ಮಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಹೌದು" ಎಂದಳು.

"ಒಂದ್ ಹಾಡು ಹೇಳಮ್ಮ, ಗೊಂಬೆ ಮುಂದೆ ಹಾಡದೆ ಹೋಗ್ಬಾರ್ದು" ಎಂದರು ಕಮಲಾಕ್ಷಮ್ಮ. ಮಾಲವಿಕಾ ಹಾಡಿದಳು. ರುಕ್ಮಿಣಮ್ಮ ಇದೇ ಜೋಡಿಗೆ ಆರತಿ ಎತ್ತುವಾಗ ಹಾಡುತ್ತಿದ್ದ ಹಾಡು. ಅನಂತಲಕ್ಷ್ಮಿಗೆ ಅದರ ಸೊಲ್ಲು ಸೊಲ್ಲೂ ನೆನಪಿತ್ತು. ಎರಡನೆಯ ನುಡಿಯಲ್ಲಿ ಮಾಲವಿಕಾ ಹಾಡು ನಿಲ್ಲಿಸಿದಳು. "ಮರೆತೋಯ್ತು, ಸಾರಿ" ಎಂದು ಎದ್ದಳು. ಗಂಟಲಿಗೆ ಬಿಸಿನೀರು ತರಲೇ ಎಂದು ಯಾರೋ ಕೇಳಿದರು. ಮೇಧಾ ತಾಂಬೂಲ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದಳು. ಮಾಲವಿಕಾ ಅವಳ ತಲೆ ಮುಟ್ಟಿ, ಒಂದು ಗಳಿಗೆ ಹಾಗೇ ಕೈಯಿಟ್ಟುಕೊಂಡು ನಿಂತಿದ್ದು ಹೊರಟಳು.

ಸುಮ್ಮನೆ ಹೋಗಲು ಬಿಡಬಹುದಿತ್ತು. ಬಿಡಲು ಆಗಲಿಲ್ಲ. ಅನಂತಲಕ್ಷ್ಮಿ ಬರಿಗಾಲಲ್ಲೇ ಗೇಟಿನವರೆಗೆ ಓಡಿದಳು. ರಸ್ತೆಯಲ್ಲಿ ಸೇವಂತಿಗೆ ಗಾಡಿಯವನು ಕೂಗುತ್ತಿದ್ದ, ಮೆಟ್ರೋ ಇಳಿದ ಜನ ಹಬ್ಬದ ಚೀಲ ಹಿಡಿದು ಹೋಗುತ್ತಿದ್ದರು.

"ಮಾಲವಿಕಾ, ಕಳ್ಳತನ ಮಾಡ್ಲಿಲ್ಲ ಕಣಮ್ಮ. ನಿಮ್ಮಣ್ಣನೇ ಆಚೆ ಇಟ್ಟಿದ್ದ. ಕಸದ ಚೀಲದಲ್ಲಿತ್ತು. ನಮ್ಮೆಜಮಾನ್ರು ಕೋರ್ಟಲ್ಲಿದ್ದೋರು, ಬಿಸಾಕಿದ್ದಕ್ಕೆ ವಾರಸುದಾರರು ಇರಲ್ಲ ಅಂತ..."

"ಗೊತ್ತು ಆಂಟಿ." ಮಾಲವಿಕಾಳ ದನಿ ಏರಲಿಲ್ಲ. "ಗೆದ್ದಲು ತಿಂದೋಗಿತ್ತು ಅಂದ ಶ್ರೀರಾಮ ನನ್ಹತ್ರ. ಫೋಟೋ ನೋಡಿದ್ಮೇಲೆ ಗೊತ್ತಾಯ್ತು. ಅವನ್ನ ಏನ್ ಕೇಳ್ಲಿ? ನೀವು ತಗೊಳ್ದೇ ಇದ್ದಿದ್ರೆ ಲಾರಿ ಪಾಲಾಗ್ತಿತ್ತು. ಥ್ಯಾಂಕ್ಸ್ ಹೇಳೋಣ ಅಂತಲೇ ಬಂದೆ, ನಿಜವಾಗ್ಲೂ."

ಥ್ಯಾಂಕ್ಸ್ ಎಂಬ ಮಾತು ಕೇಳಿ ಅನಂತಲಕ್ಷ್ಮಿಯ ಮುಖ ಸುಟ್ಟ ಹಾಗಾಯಿತು. ಅವಳು ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದಳು.

"ಗೊಂಬೆ ಕಸದಲ್ಲಿತ್ತು, ಸರಿ" ಎಂದಳು ಮಾಲವಿಕಾ. "ಆ ಮೀಸೆ ಕಥೆ ಯಾವ ಚೀಲದಲ್ಲಿತ್ತು ಆಂಟಿ?"

ಇದಕ್ಕೆ ರಾಯರ ಹತ್ತಿರವೂ ಸೆಕ್ಷನ್ ಇರಲಿಕ್ಕಿಲ್ಲ. ಅನಂತಲಕ್ಷ್ಮಿ ಗೇಟಿನ ಕಂಬಿ ಹಿಡಿದುಕೊಂಡಳು. ಕೊನೆಗೆ, "ವಾಪಸ್ ಕೊಡ್ತೀನಿ. ವಿಜಯದಶಮಿ ಕಳೀಲಿ, ಕೆಂಗೇರಿಗೆ ನಾನೇ ತಂದು..."

"ಮಗಳಿಗೆ ಅಂತ ಕೊಟ್ಟಿದ್ದನ್ನ ವಾಪಸ್ ಕೇಳಿದ್ರೆ ಅವಳು ಅತ್ತೆಗೆ ಏನ್ ಹೇಳ್ಬೇಕು? ಬೇಡ. ಅವಳ ಮುಖ ನೋಡ್ದೆ, ಎಷ್ಟು ಖುಷಿಯಾಗಿದ್ದಾಳೆ. ಅಲ್ಲೇ ಇರ್ಲಿ. ಆದ್ರೆ ಅವಳಿಗೊಬ್ಬಳಿಗೆ ಹೇಳ್ಬಿಡಿ. ಮುಂದೆ ಯಾವತ್ತಾದ್ರೂ ಅವಳ ಮಗಳಿಗೆ ಕೊಡೋವಾಗಾದ್ರೂ ರುಕ್ಮಿಣಮ್ಮ ಅಂತ ಒಂದು ಹೆಸರು ಬರ್ಲಿ. ಅಷ್ಟೇ ಸಾಕು ನನಗೆ."

ಅನಂತಲಕ್ಷ್ಮಿ ತಲೆಯಾಡಿಸಿದಳು. ಮಾಲವಿಕಾ ತಾಂಬೂಲದ ಕವರನ್ನು ಕೈಚೀಲಕ್ಕೆ ಹಾಕಿಕೊಂಡು ಮೆಟ್ರೋ ಕಡೆಗೆ ನಡೆದು ಜನರಲ್ಲಿ ಸೇರಿಹೋದಳು.

ಒಳಗೆ ಮೇಧಾ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು, ಕಡಲೆಕಾಳಿನ ಉಸಲಿಗೆ ತೆಂಗಿನತುರಿ ಉದುರಿಸುತ್ತಿದ್ದಳು. ಅನಂತಲಕ್ಷ್ಮಿ ಬಾಗಿಲು ಸರಿಸಿ, ನಿಂತಲ್ಲೇ ಹೇಳಿದಳು. ಅಜ್ಜಿಯ ಹತ್ತಿರ ಗೊಂಬೆ ಇರಲಿಲ್ಲವೆಂದು, ಆ ದೂರದ ಮಾವ ಎಂಬುವನೇ ಇಲ್ಲವೆಂದು, ಚೀಲದ ಬಾಯಲ್ಲಿ ಕಂಡ ಕಿರೀಟವನ್ನು, ಈಗ ಬಂದುಹೋದವಳು ಯಾರೆಂಬುದನ್ನು. ಒಮ್ಮೆ ಶುರು ಮಾಡಿದ ಮೇಲೆ ಕಷ್ಟವಾಗಲಿಲ್ಲ. ಹೇಳುತ್ತಾ ಹೇಳುತ್ತಾ ಎದೆ ಹಗುರಾಗತೊಡಗಿತು ಕೂಡ. ಮಗಳು ಬೈಯಲಿ, ಅಳಲಿ, ಮಾತು ಬಿಡಲಿ, ಯಾವುದಕ್ಕೂ ತಾನು ಸಿದ್ಧ ಅನ್ನಿಸಿತು.

ಮೇಧಾಳ ಕೈ ಉಸಲಿಯ ಮೇಲೆ ನಿಂತಿತ್ತು. "ಕಸದಿಂದಾನಾ ಅಮ್ಮ?" ಎಂದಳು.

"ಹೂಂ ಕಣೇ."

"ಅಪ್ಪಂಗೆ ಗೊತ್ತಾ?"

"ಗೊತ್ತು."

"ಅತ್ತೆಗೆ?"

"ಇಲ್ಲ. ಮಾಲವಿಕಾ ಯಾರಿಗೂ ಹೇಳಲ್ಲ. ನಿನಗೊಬ್ಬಳಿಗೆ ಹೇಳು ಅಂದ್ಲು. ರುಕ್ಮಿಣಮ್ಮ ಅಂತ ಅವಳಮ್ಮನ ಹೆಸರು."

ಮೇಧಾ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಹಾಲಿನಿಂದ ಕಮಲಾಕ್ಷಮ್ಮನ ಕೂಗು: "ಮೇಧಾ, ಬಾಮ್ಮ, ಎದುರುಮನೆಯೋರು ಬಂದಿದ್ದಾರೆ! ನಿನ್ನ ಗೊಂಬೆ ಯಾವುದು ಅಂತ ಕೇಳ್ತಿದ್ದಾರೆ!"

ಮೇಧಾ ಸೆರಗು ಸರಿಮಾಡಿಕೊಂಡು ತಾಯಿಯ ಕಡೆ ನೋಡಿದಳು. ಕೋಪವಿರಲಿಲ್ಲ. ಅನಂತಲಕ್ಷ್ಮಿಗೆ ಕೋಪವಾದರೂ ಬೇಕಿತ್ತು.

"ಸುಮ್ನಿರಮ್ಮ ಈಗ. ಇನ್ನು ಯಾರ ಹತ್ರಾನೂ ಬಾಯಿ ಬಿಡ್ಬೇಡ" ಎಂದು ಪಿಸುಗುಟ್ಟಿ, ಉಸಲಿಯ ಪಾತ್ರೆ ಎತ್ತಿಕೊಂಡು ಹೊರಗೆ ಹೋದಳು.

ಅನಂತಲಕ್ಷ್ಮಿ ಹಿಂದೆಯೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಎದುರುಮನೆಯವರು ರಾಜನನ್ನು ಬಗ್ಗಿ ನೋಡುತ್ತಿದ್ದರು. ಮೇಧಾ ಅವರ ಪಕ್ಕ ಕೂತು, ನಗುನಗುತ್ತಾ, ಮೀಸೆಯ ಮೇಲೆ ಬೆರಳಿಟ್ಟು ಹೇಳುತ್ತಿದ್ದಳು: "ಇದು ನಮ್ಮಜ್ಜಿದು ಆಂಟಿ. ಅಮ್ಮ ಚಿಕ್ಕವರಿದ್ದಾಗ ಗೀಚಿದ್ದು. ಅಜ್ಜಿಗೆ ಇದಂದ್ರೆ ಪ್ರಾಣ. ದಸರಾ ಮುಗಿದ್ರೂ ಬೀರುಗೆ ಇಡ್ತಾ ಇರ್ಲಿಲ್ವಂತೆ, ದಿನಾ ರಾಣಿಗೆ ಒಂದೆಳೆ ಮಲ್ಲಿಗೆ ಮುಡಿಸ್ತಿದ್ರಂತೆ."

ಮಲ್ಲಿಗೆಯ ಮಾತು ರುಕ್ಮಿಣಮ್ಮನೂ ಹೇಳಿದ್ದಲ್ಲ, ಅನಂತಲಕ್ಷ್ಮಿಯೂ ಹೇಳಿದ್ದಲ್ಲ. ಅದು ಮೇಧಾಳ ಸ್ವಂತದ್ದು.

"ಅಲ್ವೇನಮ್ಮ?" ಎಂದು ಮೇಧಾ ತಿರುಗಿ ಕೇಳಿದಳು. ಹಾಲಿನಲ್ಲಿದ್ದ ಎಲ್ಲರೂ ಅನಂತಲಕ್ಷ್ಮಿಯ ಕಡೆ ನೋಡಿದರು.

"ಹೂಂ" ಎಂದಳು ಅನಂತಲಕ್ಷ್ಮಿ. "ದಿನಾ ಮುಡಿಸ್ತಿದ್ರು."